ಏಳು ಬೈಕಿನ ಲಾರೆನ್ಸ್

ಸೋಮವಾರ ಬೆಳಿಗ್ಗೆ ನಮ್ಮ ಕಾಲೇಜಿನ ಪಾರ್ಕಿಂಗಿನಲ್ಲಿ ಒಂದು ಸುತ್ತು ಹಾಕಿದರೆ ಯಾವ ಗಾಡಿ ಯಾವ ಊರಿಂದ ಬಂದದ ಅಂತ ನಂಬರ್ ಪ್ಲೇಟ್ ನೋಡದೇ ಹೇಳಬಹುದು. ಮಡ್‌ಗಾರ್ಡಿಗೆ ಸಿಮೆಂಟ್ ಧೂಳು ಕೂತಿದ್ದರೆ ವಾಡಿ ಇಲ್ಲಾ ಸೇಡಂ. ಫರಸಿ ಕಲ್ಲಿನ ಹುಡಿ ಇದ್ದರೆ ಶಹಾಬಾದ್. ಟೈರಿಗೆ ಎರೆ ಮಣ್ಣು ಮೆತ್ತಿದ್ದರೆ ಚಿತ್ತಾಪುರದ ಹೊಲದ ದಾರಿ, ಕೆಂಪು ಮಣ್ಣಿದ್ದರೆ ಚಿಂಚೋಳಿ. ಊರು ಯಾವುದೇ ಇರಲಿ, ಒಂದು ಮಾತ್ರ ಎಲ್ಲಾ ಕಡೆ ಒಂದೇ: ಹೆಲ್ಮೆಟ್ಟು ಕನ್ನಡಿಗೆ ನೇತಾಡ್ತಿರತದ. ದೊಡ್ಡ ರಸ್ತೆಗೆ ಬಂದಾಗ ತಲೆಗೆ ಏರ್ತದ, ಊರೊಳಗೆ ಹೊಕ್ಕ ಕೂಡಲೇ ಮತ್ತೆ ಕನ್ನಡಿಗೆ ಇಳೀತದ. ಯಾಕೋ ಅಂತ ಕೇಳಿದರೆ ಉತ್ತರ ಸಿದ್ಧ ಇರತದ: ಇಲ್ಲೇ ಹೋಗಿ ಬರ್ತೀನಿ.

ವಿಶ್ವೇಶ್ವರಯ್ಯನವರ ಬಗ್ಗೆ ಪ್ರತಿ ಸೆಪ್ಟೆಂಬರಿಗೂ ನಾವು ಬರೆಯುವುದು ಇದ್ದೇ ಇದೆ. ಈ ಸಲ ಫಸ್ಟ್ ಇಯರಿನ ಬಹಳ ಮಂದಿ ಎಲ್ಎಲ್ ಮಾಡಿಸಿದ್ದಾರೆ, ಮನೆಯಲ್ಲಿ ಮೊದಲ ಬೈಕು ಕೊಡಿಸಿದ್ದಾರೆ. ಅದಕ್ಕೇ ಗಾಡಿ ಹೊಡಿಯೋದರಲ್ಲಿ ಹೆಸರು ಮಾಡಿದ, ‘ಇಲ್ಲೇ ಹೋಗಿ ಬರುವ’ ದಾರಿಯಲ್ಲಿ ಬಿದ್ದ ಒಬ್ಬನ ಬದುಕನ್ನು ಆರಿಸಿಕೊಂಡೆವು. ಸಿನಿಮಾ ನೋಡಿದವರಿಗೆ ಅವನ ಹೆಸರು ಗೊತ್ತು, ಲಾರೆನ್ಸ್ ಆಫ್ ಅರೇಬಿಯಾ. 1962ರ ಆ ಸಿನಿಮಾ ಶುರುವಾಗುವುದೇ ಬೈಕಿನಿಂದ, ಆದರೆ ಎರಡು ನಿಮಿಷದಲ್ಲಿ ಅದನ್ನು ಬಿಟ್ಟು ಮರಳುಗಾಡಿಗೆ ಹೋಗಿಬಿಡುತ್ತದೆ. ನಾವು ಬೈಕಿನ ಜೊತೆಗೇ ಇರೋಣ.

ಥಾಮಸ್ ಎಡ್ವರ್ಡ್ ಲಾರೆನ್ಸ್ ಹುಟ್ಟಿದ್ದು 1888ರ ಆಗಸ್ಟ್ 16ರಂದು, ವೇಲ್ಸ್‌ನ ಟ್ರೆಮಾಡಾಗ್ ಎಂಬ ಸಣ್ಣ ಊರಲ್ಲಿ. ಐವರು ಗಂಡುಮಕ್ಕಳಲ್ಲಿ ಎರಡನೆಯವನು. ಅಪ್ಪ ಐರ್ಲೆಂಡಿನ ಜಮೀನ್ದಾರ ಮನೆತನದವನು. ಹೆಂಡತಿ ಮಕ್ಕಳನ್ನು ಬಿಟ್ಟು, ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಸಾರಾಳ ಜೊತೆ ಬೇರೆ ಸಂಸಾರ ಹೂಡಿ, ಚಾಪ್‌ಮನ್ ಎಂಬ ಮನೆತನದ ಹೆಸರನ್ನೇ ಬದಲಿಸಿಕೊಂಡಿದ್ದ. ಹೆಸರು ಬದಲಿಸುವ ಚಟ ಮಗನಿಗೂ ಬಂತು, ಅದು ಮುಂದೆ ಬರ್ತದ. ಮನೆತನ ಆಕ್ಸ್‌ಫರ್ಡಿಗೆ ಬಂದು ನೆಲೆಸಿತು. ಹುಡುಗನಿಗೆ ಹಳೇ ಕೋಟೆಗಳ ಹುಚ್ಚು, ಜೊತೆಗೆ ಸೈಕಲ್ಲಿನ ಹುಚ್ಚು. 1908ರ ಬೇಸಿಗೆಯಲ್ಲಿ ಕೋಟೆ ನೋಡುತ್ತ ಫ್ರಾನ್ಸಿನಲ್ಲಿ ಎರಡು ಸಾವಿರ ಮೈಲಿಗೂ ಹೆಚ್ಚು ಸೈಕಲ್ ತುಳಿದ. ಮರುವರ್ಷ ಸಿರಿಯಾದ ಬಿಸಿಲಲ್ಲಿ ಸುಮಾರು ಸಾವಿರ ಮೈಲಿ ಕಾಲ್ನಡಿಗೆ. ನಮ್ಮ ಮಳಖೇಡದ ಕೋಟೆ ಕಣ್ಣಿಗೆ ಬಿದ್ದಿದ್ದರೆ ಅದನ್ನೂ ಅಳತೆ ಹಾಕಿ ಹೋಗುತ್ತಿದ್ದನೇನೋ.

ಯುದ್ಧದ ಕಥೆ ಎಲ್ಲ ಕಡೆ ಸಿಗ್ತದ, ಇಲ್ಲಿ ಚುಟುಕಾಗಿ ಹೇಳ್ತೇವೆ. ಮೊದಲ ಮಹಾಯುದ್ಧದಲ್ಲಿ ಕೈರೋದ ಗುಪ್ತಚರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವನು 1916ರಲ್ಲಿ ತುರ್ಕರ ವಿರುದ್ಧ ಎದ್ದ ಅರಬರ ಜೊತೆ ಸೇರಿದ. ಒಂಟೆ ಮೇಲೆ ಓಡಾಡಿ ಹಿಜಾಜ್ ರೈಲುದಾರಿಗೆ ಮದ್ದಿಟ್ಟ. 1917ರ ಜುಲೈನಲ್ಲಿ ಅಕಾಬಾ, 1918ರ ಅಕ್ಟೋಬರಿನಲ್ಲಿ ಡಮಾಸ್ಕಸ್. ಆಮೇಲೆ ಅರಬರಿಗೆ ಕೊಟ್ಟ ಮಾತನ್ನು ಬ್ರಿಟನ್ನೂ ಫ್ರಾನ್ಸೂ ಉಳಿಸಿಕೊಳ್ಳಲಿಲ್ಲ. ಮೂವತ್ತು ವಯಸ್ಸಿಗೇ ಜಗತ್ಪ್ರಸಿದ್ಧ, ಆದರೆ ಆ ಪ್ರಸಿದ್ಧಿ ಅವನಿಗೆ ಒಗ್ಗಲಿಲ್ಲ. 1922ರಲ್ಲಿ ಕರ್ನಲ್ ಪದವಿ ಎಲ್ಲ ಬಿಟ್ಟು ರಾಸ್ ಎಂಬ ಸುಳ್ಳು ಹೆಸರಿನಲ್ಲಿ ವಾಯುಪಡೆಗೆ ಸಾದಾ ಸಿಪಾಯಿಯಾಗಿ ಸೇರಿದ. ಪತ್ರಿಕೆಯವರು ಪತ್ತೆ ಹಚ್ಚಿದರು, ಕೆಲಸ ಹೋಯಿತು. ಶಾ ಎಂಬ ಇನ್ನೊಂದು ಹೆಸರಲ್ಲಿ ಟ್ಯಾಂಕ್ ಪಡೆ ಸೇರಿ, 1925ರಲ್ಲಿ ಮತ್ತೆ ವಾಯುಪಡೆಗೆ ಬಂದ.

ಹೊಸ ಹೆಸರಿನ ಜೊತೆಗೇ ಬಂದದ್ದು ಬೈಕು. ನಾಟಿಂಗ್‌ಹ್ಯಾಮಿನಲ್ಲಿ ಜಾರ್ಜ್ ಬ್ರಫ್ ಎಂಬಾತ ಬ್ರಫ್ ಸುಪೀರಿಯರ್ ಎನ್ನುವ ಗಾಡಿ ಮಾಡುತ್ತಿದ್ದ. ಅದರ ಎಸ್ಎಸ್ 100 ಮಾಡೆಲ್ಲಿನಲ್ಲಿ ಸುಮಾರು 1000 ಸಿಸಿಯ ವಿ-ಟ್ವಿನ್ ಎಂಜಿನ್. ಹೆಸರಲ್ಲಿರುವ 100 ಅಂದರೆ ಗಂಟೆಗೆ ನೂರು ಮೈಲಿ ಓಡುತ್ತದೆ ಎಂದು ಕಂಪನಿ ಕೊಡುತ್ತಿದ್ದ ಗ್ಯಾರಂಟಿ. ನಮ್ಮ ಲೆಕ್ಕದಲ್ಲಿ 160 ಕಿ.ಮೀ., ಅದೂ ನೂರು ವರ್ಷದ ಹಿಂದಿನ ಬ್ರೇಕು, ಟೈರಿನ ಮೇಲೆ. ನಮ್ಮ ಅಜ್ಜಂದಿರು ಹೆಮ್ಮೆಯಿಂದ ಹೊಡೆದ ಮೈಸೂರಿನ ಜಾವಾ 250 ಸಿಸಿ. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿದ್ದ ಆ ಗಾಡಿಯನ್ನು ಪಳಗಿಸಲಿಕ್ಕೇ ಮಂದಿಗೆ ವಾರ ಹಿಡೀತಿತ್ತಂತ. ಇದು ಅದರ ನಾಲ್ಕರಷ್ಟು. ಲಾರೆನ್ಸ್ 1922ರಿಂದ ಸಾಯುವ ತನಕ ಇಂಥ ಏಳು ಬ್ರಫ್ ಇಟ್ಟಿದ್ದ, ಎಂಟನೆಯದಕ್ಕೆ ಆರ್ಡರ್ ಕೊಟ್ಟಿದ್ದ. ಜಾರ್ಜ್ 1, ಜಾರ್ಜ್ 2 ಅಂತ ರಾಜರ ಹಾಗೆ ಅವುಗಳಿಗೆ ನಂಬರು. 1926ರ ಹೊತ್ತಿಗೇ ಲಕ್ಷ ಮೈಲಿ ದಾಟಿದ್ದ. ಕ್ರಾನ್ವೆಲ್ ವಾಯುನೆಲೆಯಲ್ಲಿದ್ದಾಗ ತಲೆ ಮೇಲೆ ಹಾರುತ್ತಿದ್ದ ವಿಮಾನದ ಜೊತೆ ರೇಸು ಹಚ್ಚಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಹೊಡಿಯೋದು ಮಾತ್ರ ಅಲ್ಲ, ಎಂಜಿನ್ನಿನ ಸಪ್ಪಳ ಕೇಳಿಯೇ ಏನು ಕೆಟ್ಟದೆ ಅಂತ ತಿಳಿಯುವ ಕಿವಿ ಅವನದು. ಮೆಕ್ಯಾನಿಕಲ್ ಬ್ರಾಂಚಿನವರಿಗೆ ಅವನು ಹಿಡಿಸಲೇಬೇಕು.

ಅಂಥವನೂ ಬಿದ್ದಿದ್ದಾನೆ. 1926ರ ಕೊನೆಗೆ ಇಂಡಿಯಾಕ್ಕೆ ಹಡಗು ಹತ್ತುವ ಮುನ್ನ, ಲಂಡನ್ನಿನ ಇಸ್ಲಿಂಗ್ಟನ್ನಿನಲ್ಲಿ ಗಾಡಿ ಜಾರಿ ಜಖಂ ಆಯಿತು. ಆಗ ಅಲ್ಲಿನ ರಸ್ತೆಗೆ ಮರದ ತುಂಡು ಹಾಸುತ್ತಿದ್ದರು, ಒದ್ದೆಯಾದರೆ ಎಣ್ಣೆ ಸುರಿದ ಹಾಗೆ. ನಮ್ಮ ಕಡೆ ಮರದ ರಸ್ತೆ ಇಲ್ಲ, ಆದರೆ ಅದರ ತಮ್ಮಂದಿರು ಬೇಕಾದಷ್ಟು ಇದ್ದಾರೆ. ಶಹಾಬಾದ್, ವಾಡಿ ಸುತ್ತಮುತ್ತ ಫರಸಿ ಪಾಲಿಶ್ ಮಾಡುವ ಕಡೆ ಕಲ್ಲಿನ ಹುಡಿ ನೀರಿಗೆ ಕಲೆತು ರಸ್ತೆಗೆ ಹರಿದಿರ್ತದ, ಒಣಗಿದರೆ ಧೂಳು, ಹಸಿ ಇದ್ದರೆ ಸಾಬೂನು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಯಿಂದ ಡಾಂಬರಿನ ಮೇಲೆ ಬಿದ್ದ ಎರೆ ಮಣ್ಣೂ ಹಾಗೇ. ಅಂಥಲ್ಲಿ ಗಾಡಿ ವಾಲಿಸಬಾರದು, ಮುಂದಿನ ಬ್ರೇಕು ಗಪ್ಪನೆ ಹಿಡಿಯಬಾರದು, ಮೊದಲೇ ವೇಗ ಇಳಿಸಿ ನೆಟ್ಟಗೆ ದಾಟಬೇಕು. ರೈಲು ಗೇಟಿನಲ್ಲೂ ಅಷ್ಟೇ: ಹಳಿಯನ್ನು ಓರೆಯಾಗಿ ದಾಟಿದರೆ ಮುಂದಿನ ಗಾಲಿ ಹಳಿ ಹಿಡಿದು ಹೋಗ್ತದ, ನೇರ ಅಡ್ಡಕ್ಕೆ ದಾಟಬೇಕು. ಸುಗ್ಗಿಯಲ್ಲಿ ರಸ್ತೆ ಮೇಲೆ ತೊಗರಿ ಹಾಸಿರ್ತಾರ, ರಾತ್ರಿ ಹಿಂದೆ ದೀಪವಿಲ್ಲದ ಟ್ರ್ಯಾಲಿ ನಿಂತಿರ್ತದ. ಸಿಮೆಂಟ್ ಟ್ಯಾಂಕರಿನ ಧೂಳಿನಲ್ಲಿ ಹಿಂದೆ ಅಂಟಿಕೊಂಡು ಹೋಗೋದು ಕಣ್ಣು ಕಟ್ಟಿಕೊಂಡು ಹೋದಂಗ. ಇದ್ಯಾವುದನ್ನೂ ಆರ್‌ಟಿಓ ಪರೀಕ್ಷೆಯ ‘ಎಂಟು’ ಕಲಿಸುವುದಿಲ್ಲ. ಅದು ನಿಧಾನಕ್ಕೆ ತಿರುಗಿಸಿ ತೂಕ ಕಾಯುವುದನ್ನು ಮಾತ್ರ ನೋಡ್ತದ.

ಲಾರೆನ್ಸ್ ಇಂಡಿಯಾಕ್ಕೆ ಬಂದು ಎರಡು ವರ್ಷ ಇದ್ದ. ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಎಂಜಿನ್ ರಿಪೇರಿ ವಿಭಾಗ, ಆಮೇಲೆ ಅಫ್ಘಾನ್ ಗಡಿಯ ಮಿರಾನ್‌ಶಾ. ಗೂಢಚಾರನೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದ್ದರಿಂದ 1929ರ ಜನವರಿಯಲ್ಲಿ ಅವನನ್ನು ವಾಪಸ್ ಕರೆಸಿಕೊಂಡರು. ಅಲ್ಲಿಂದಾಚೆಗೆ ಅವನು ಮಾಡಿದ ಕೆಲಸ ನಮ್ಮ ಮಟ್ಟಿಗೆ ಮರಳುಗಾಡಿನ ಸಾಹಸಕ್ಕಿಂತ ದೊಡ್ಡದು. 1931ರ ಫೆಬ್ರವರಿಯಲ್ಲಿ ಪ್ಲಿಮತ್ ಹತ್ತಿರ ಅವನ ಕಣ್ಣೆದುರೇ ಒಂದು ಸಮುದ್ರ ವಿಮಾನ ನೀರಿಗೆ ಬಿತ್ತು. ಬಿದ್ದವರನ್ನು ಎತ್ತಲು ಇದ್ದ ದೋಣಿಗಳು ತೀರಾ ನಿಧಾನ. ಅವತ್ತಿನಿಂದ ವೇಗದ ರಕ್ಷಣಾ ದೋಣಿ ಬೇಕೇ ಬೇಕೆಂದು ಮೇಲಿನವರ ಬೆನ್ನು ಹತ್ತಿದ. ದೋಣಿ ಕಟ್ಟುವ ಸ್ಕಾಟ್-ಪೇನ್ ಕಂಪನಿಯ ಜೊತೆ ವರ್ಷಗಟ್ಟಲೆ ಕೂತು, ನೀರನ್ನು ಸೀಳುವ ಬದಲು ನೀರಿನ ಮೇಲೆ ಜಾರುವ ದೋಣಿಗಳನ್ನು ಪರೀಕ್ಷಿಸಿದ, ಎಂಜಿನ್ ಕೈಪಿಡಿ ಬರೆದ. ಬೇರೆಯವರ ಜೀವ ಉಳಿಸುವ ಯಂತ್ರದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವನು ತನ್ನ ತಲೆಯನ್ನು ಬರಿದಾಗಿ ಬಿಟ್ಟಿದ್ದ.

ಅವನೊಬ್ಬನೇ ಅಲ್ಲ, ರಸ್ತೆಯಲ್ಲಿ ಯಾರೂ ಹಾಕುತ್ತಿರಲಿಲ್ಲ. ಹಾಗಂತ ಹೆಲ್ಮೆಟ್ ಇರಲಿಲ್ಲವೆಂದಲ್ಲ. ಬ್ರೂಕ್‌ಲ್ಯಾಂಡ್ಸ್ ರೇಸು ಮೈದಾನದ ಡಾಕ್ಟರ್ ಎರಿಕ್ ಗಾರ್ಡ್ನರ್ ಒತ್ತಾಯಕ್ಕೆ 1914ರಲ್ಲೇ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಹೆಲ್ಮೆಟ್ ಕಡ್ಡಾಯವಾಗಿತ್ತು. ಅದು ರೇಸಿನವರ ಸಾಮಾನು ಅನ್ನುವ ನಂಬಿಕೆ, ಅಷ್ಟೇ. ಲೈಸೆನ್ಸಿನ ಕಥೆಯೂ ಹಾಗೇ ಇತ್ತು. ಬ್ರಿಟನ್ನಿನಲ್ಲಿ 1903ರಿಂದ ಲೈಸೆನ್ಸ್ ಇತ್ತು, ಪರೀಕ್ಷೆ ಇರಲಿಲ್ಲ. ದುಡ್ಡು ಕಟ್ಟಿದರೆ ಮುಗೀತು. ರಸ್ತೆ ಸಾವು ಏರಿದಾಗ 1934ರಲ್ಲಿ ಕಾಯ್ದೆ ತಂದರು. ಊರೊಳಗೆ ಗಂಟೆಗೆ 30 ಮೈಲಿ ಮಿತಿ 1935ರ ಮಾರ್ಚ್ 18ಕ್ಕೆ ಬಂತು. ಹೊಸದಾಗಿ ಕಲಿಯುವವರಿಗೆ ಪರೀಕ್ಷೆ ಕಡ್ಡಾಯವಾದದ್ದು ಜೂನ್ 1ರಿಂದ.

ಈ ಎರಡು ತಾರೀಖುಗಳ ನಡುವೆ ಬರುತ್ತದೆ ಮೇ 13. ಲಾರೆನ್ಸ್ ವಾಯುಪಡೆ ಬಿಟ್ಟು ಮೂರು ತಿಂಗಳೂ ಆಗಿರಲಿಲ್ಲ, ವಯಸ್ಸು 46. ಡಾರ್ಸೆಟ್ಟಿನ ಕ್ಲೌಡ್ಸ್ ಹಿಲ್ ಎಂಬ ಪುಟ್ಟ ಮನೆಯಲ್ಲಿದ್ದ. ಗೆಳೆಯನನ್ನು ಊಟಕ್ಕೆ ಕರೆಯಲು ಒಂದು ಟೆಲಿಗ್ರಾಂ ಕೊಡಬೇಕಿತ್ತು. ಬೋವಿಂಗ್ಟನ್ ಅಂಚೆ ಕಚೇರಿ ಒಂದೆರಡು ಮೈಲಿ, ನೂರಾರು ಸಲ ಓಡಾಡಿದ ದಾರಿ. ಜಾರ್ಜ್ 7 ಹತ್ತಿ ಹೋದ, ಟೆಲಿಗ್ರಾಂ ಕೊಟ್ಟ, ತಿರುಗಿ ಹೊರಟ. ಮನೆ ಹತ್ತಿರವೇ ರಸ್ತೆ ಇಳಿದು ಏರುವ ಕಡೆ, ಎದುರಿನದು ಕಾಣುವುದಿಲ್ಲ. ಅಲ್ಲಿ ಇಬ್ಬರು ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು. ತಪ್ಪಿಸಲು ಗಾಡಿ ಎಳೆದ, ಹ್ಯಾಂಡಲ್ ದಾಟಿ ನೆಲಕ್ಕೆ ಅಪ್ಪಳಿಸಿದ. ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ವೇಗ 50–60 ಮೈಲಿ, ಅಂದರೆ ಆ ಗಾಡಿಯ ತಾಕತ್ತಿನ ಅರ್ಧದ ಆಸುಪಾಸು. ಹುಡುಗರು ಉಳಿದರು. ಲಾರೆನ್ಸ್ ಎಚ್ಚರ ತಪ್ಪಿದವನು ಏಳಲೇ ಇಲ್ಲ. ಆರು ದಿನದ ಮೇಲೆ, ಮೇ 19ರಂದು ಪ್ರಾಣ ಬಿಟ್ಟ.

ಆ ಆರು ದಿನದಲ್ಲಿ ನೋಡಲು ಬಂದ ಡಾಕ್ಟರುಗಳಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯಾದ ಪೋರ್ಟ್ ಪೀರಿಯಲ್ಲಿ 1896ರಲ್ಲಿ ಹುಟ್ಟಿ, ಅಮೆರಿಕದ ಹಾರ್ವಿ ಕುಶಿಂಗ್ ಕೈಕೆಳಗೆ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವರು. ಲಾರೆನ್ಸ್‌ಗೆ ಅವರು ಮಾಡುವಂಥದ್ದೇನೂ ಉಳಿದಿರಲಿಲ್ಲ. ಎರಡನೇ ಮಹಾಯುದ್ಧ ಬಂದಾಗ ಸೈನ್ಯದ ಸಂದೇಶ ಒಯ್ಯುವ ಬೈಕ್ ಸವಾರರು ಸಾಲುಗಟ್ಟಿ ತಲೆ ಒಡೆದುಕೊಂಡು ಬರತೊಡಗಿದರು. ರಾತ್ರಿ ದೀಪ ಆರಿಸಿದ ರಸ್ತೆಗಳು ಬೇರೆ. ಕೇರ್ನ್ಸ್ ಲೆಕ್ಕ ಇಡಲು ಕೂತರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಅವರ ಲೇಖನ ಬಂತು: ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಬೈಕ್ ಸವಾರರು, ಹಿಂದೆ ಕೂತವರು ಸತ್ತಿದ್ದರು, ಅದಕ್ಕೆ ಮುಂಚಿನ 21 ತಿಂಗಳಲ್ಲಿ 1,884. ಹೆಲ್ಮೆಟ್ ಹಾಕಿಕೊಂಡು ಪೆಟ್ಟು ತಿಂದವರು ಅವರಿಗೆ ಸಿಕ್ಕಿದ್ದು ಏಳೇ ಏಳು ಮಂದಿ, ಏಳೂ ಮಂದಿ ಬದುಕಿದ್ದರು. ಏಳು ಸಣ್ಣ ಸಂಖ್ಯೆ ಎಂದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಹೇಳಿಯಾರು, ನಿಜ. ಆದರೆ ಸೈನ್ಯ ಕಾಯಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸೈನ್ಯದ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕೇರ್ನ್ಸ್ ಜೊತೆಗಿದ್ದ ಭೌತವಿಜ್ಞಾನಿ ಹಾಲ್‌ಬರ್ನ್ ಜೆಲಟಿನ್ ತುಂಬಿದ ಮಾದರಿ ತಲೆ ಮಾಡಿ, ತಲೆ ಗಿರಕ್ಕನೆ ತಿರುಗಿದಾಗ ಮಿದುಳು ಹೇಗೆ ಹರಿಯುತ್ತದೆಂದು ತೋರಿಸಿದ.

ಹೆಲ್ಮೆಟ್ಟಿನ ಒಳಗಿನ ಲೆಕ್ಕ ಮೊದಲ ಸೆಮಿಸ್ಟರಿನದೇ. ಆಳೆತ್ತರದಿಂದ, ಅಂದರೆ 1.8 ಮೀಟರಿನಿಂದ ತಲೆ ನೆಲಕ್ಕೆ ಬಿದ್ದರೆ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಗಾಡಿ ನಿಂತಿರಲಿ, 80ರಲ್ಲಿ ಓಡುತ್ತಿರಲಿ, ನೆಲದ ಕಡೆಗೆ ಬೀಳುವ ವೇಗ ಅಷ್ಟೇ. ಬರಿ ತಲೆ ಎರಡೂವರೆ ಮಿಲಿಮೀಟರಿನಲ್ಲಿ ನಿಂತಿತು ಅಂತಿಟ್ಟುಕೊಳ್ಳಿ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ ಗುರುತ್ವದ 730 ಪಟ್ಟು. ಒಳಗಿನ ಥರ್ಮಾಕೋಲ್ 25 ಮಿಲಿಮೀಟರ್ ಕುಸಿದು ನಿಲ್ಲಿಸಿದರೆ 73 ಪಟ್ಟು. ಒಮ್ಮೆ ಕುಸಿದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಬಿದ್ದ ಹೆಲ್ಮೆಟ್ ಬದಲಿಸಬೇಕೆನ್ನುವುದು ಅದಕ್ಕೇ. ಗದ್ದದ ಪಟ್ಟಿ ಕಟ್ಟದಿದ್ದರೆ ಈ ಲೆಕ್ಕವೆಲ್ಲ ಮೊದಲ ಪಲ್ಟಿಗೇ ಹಾರಿ ಹೋಗ್ತದ.

ಕೇರ್ನ್ಸ್ 1952ರಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 1973ಕ್ಕೆ, ಲಾರೆನ್ಸ್ ಸತ್ತು 38 ವರ್ಷಕ್ಕೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ ಅದು ಇದೆ, ಹಿಂದೆ ಕೂತವರಿಗೂ ಸೇರಿ. ಗೇರ್ ಗಾಡಿಗೆ 18 ತುಂಬಿರಬೇಕು. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ರೂಪಾಯಿ ದಂಡ, ಜೈಲೂ ಆಗಬಹುದು. ಎಲ್ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯ ತನಕ ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿರಬೇಕು, ಕಲಿಸುವ ಲೈಸೆನ್ಸುದಾರನನ್ನು ಬಿಟ್ಟು ಗೆಳೆಯರ್‍ಯಾರನ್ನೂ ಹಿಂದೆ ಕೂಡಿಸಿಕೊಳ್ಳುವಂತಿಲ್ಲ. ನಮ್ಮ ಕ್ಲಬ್ಬಿನಲ್ಲಿ ಸೇಡಂ ಕಡೆಯವನೊಬ್ಬ, ಚಿಂಚೋಳಿ ಕಡೆಯವಳೊಬ್ಬಳು, ಇಬ್ಬರದೂ 30 ದಿನ ತುಂಬ್ಯಾವ. ಮುಂದಿನ ವಾರ ಕಲಬುರಗಿಗೆ ಹೋಗಿ ಎಂಟು ಹಾಕೋದದ.