ತಾನೇ ನಗೆಪಾಟಲಾಗಿ ಜನರನ್ನು ನಗಿಸಿದ ಜಾಕ್ ಬೆನ್ನಿ



ನಾಟಕ ಅಂದ್ರೆ ನಮಗೆಲ್ಲ ರಾಜನ ಪಾತ್ರವೇ ಬೇಕು. ಸೇವಕನ ಪಾತ್ರ ಕೊಟ್ಟರೆ ಮುಖ ಊದಿಸಿಕೊಳ್ಳುತ್ತೇವೆ. ಆದರೆ ಅಮೆರಿಕದ ರೇಡಿಯೋದಲ್ಲಿ ಒಬ್ಬ ಹಾಸ್ಯ ನಟರು ತಾವೇ ಯಜಮಾನರಾಗಿದ್ದರೂ ವಾರ ವಾರವೂ ತಮ್ಮ ಸೇವಕನ ಮುಂದೆ ಸೋಲುತ್ತಿದ್ದರು. ಅವರೇ ಜಾಕ್ ಬೆನ್ನಿ.

ಇವರು 1894ನೇ ಇಸವಿ ಫೆಬ್ರವರಿ 14ರಂದು ಶಿಕಾಗೋ ನಗರದಲ್ಲಿ ಜನಿಸಿದರು. ಬೆಳೆದದ್ದು ಹತ್ತಿರದ ವಾಕೀಗನ್ ಎಂಬ ಊರಿನಲ್ಲಿ. ಇವರ ನಿಜವಾದ ಹೆಸರು ಬೆಂಜಮಿನ್ ಕುಬೆಲ್ಸ್ಕಿ. ಆರು ವರ್ಷದವರಿದ್ದಾಗಲೇ ಪಿಟೀಲು ಕಲಿಯಲು ಹಾಕಿದರು. ಮಗ ದೊಡ್ಡ ವಿದ್ವಾಂಸ ಆಗಲಿ ಅಂತ ಮನೆಯವರ ಆಸೆ. ಆದರೆ ಹುಡುಗನಿಗೆ ಅಭ್ಯಾಸ ಮಾಡೋದು ಬೇಜಾರು. ಓದಿನಲ್ಲೂ ಹಿಂದೆ. ಕೊನೆಗೆ ಹೈಸ್ಕೂಲಿನಿಂದ ಹೊರಗೆ ಹಾಕಿದರು. ಆಮೇಲೆ ನಾಟಕ ಮಂದಿರಗಳಲ್ಲಿ ಪಿಟೀಲು ನುಡಿಸುತ್ತಾ ಊರೂರು ತಿರುಗಿದರು. ಮೊದಲನೇ ಮಹಾಯುದ್ಧದಲ್ಲಿ ನೌಕಾಪಡೆಗೆ ಸೇರಿದರು. ಅಲ್ಲಿ ಪಿಟೀಲಿಗಿಂತ ಮಾತಿಗೇ ಜನ ಹೆಚ್ಚು ನಗುತ್ತಾರೆ ಅನ್ನೋದು ಅವರಿಗೆ ಗೊತ್ತಾಯಿತು.

1932ರಲ್ಲಿ ರೇಡಿಯೋದಲ್ಲಿ ಅವರ ಕಾರ್ಯಕ್ರಮ ಶುರುವಾಯಿತು. 1955ರ ತನಕ 23 ವರ್ಷ ನಡೆಯಿತು. ರೇಡಿಯೋದಲ್ಲಿ ಮುಖ ಕಾಣೋದಿಲ್ಲ, ವೇಷವೂ ಇಲ್ಲ. ದನಿ ಕೇಳಿದ ಕೂಡಲೇ ಇಂಥವರು ಅಂತ ತಿಳಿಯಬೇಕು. ಆದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಗುಣ ಇತ್ತು. ಬೆನ್ನಿಯವರದು ಮಹಾ ಜಿಪುಣನ ಪಾತ್ರ. ವಯಸ್ಸು ಎಷ್ಟಾದರೂ 39 ಅಂತಲೇ ಹೇಳೋದು. ಪಿಟೀಲು ಕೆಟ್ಟದಾಗಿ ನುಡಿಸಿ ಜಂಬ ಪಡೋದು. ಆ ಜಂಬ ಇಳಿಸೋದೇ ಉಳಿದವರ ಕೆಲಸ.

ಮೇರಿ ಲಿವಿಂಗ್‌ಸ್ಟನ್ ಅವರ ನಿಜವಾದ ಹೆಂಡತಿ. ಆದರೆ ಕಾರ್ಯಕ್ರಮದಲ್ಲಿ ಅವರು ಹೆಂಡತಿಯಲ್ಲ, ಚುಚ್ಚಿ ಮಾತಾಡುವ ಗೆಳತಿ. ಡಾನ್ ವಿಲ್ಸನ್ ದಪ್ಪ ಮೈಯ ಉದ್ಘೋಷಕರು. ಫಿಲ್ ಹ್ಯಾರಿಸ್ ವಾದ್ಯಮೇಳದ ನಾಯಕರು, ಬೆನ್ನಿಯವರಿಗಿಂತ ದೊಡ್ಡ ಜಂಬಗಾರ. ಡೆನ್ನಿಸ್ ಡೇ ಪೆದ್ದು ಪೆದ್ದಾಗಿ ಮಾತಾಡುವ ಹಾಡುಗಾರ. ಮೆಲ್ ಬ್ಲಾಂಕ್ ಎಂಬುವರು ಬೆನ್ನಿಯವರ ಹಳೇ ಕಾರು ಕೆಮ್ಮುವ ಶಬ್ದವನ್ನೂ ಬಾಯಲ್ಲೇ ಮಾಡುತ್ತಿದ್ದರು! 1937ರಲ್ಲಿ ಎಡ್ಡಿ ಆಂಡರ್ಸನ್ ಎಂಬ ಕಪ್ಪು ಜನಾಂಗದ ನಟರು ಬಂದರು. ಗೊಗ್ಗರು ದನಿಯ ರಾಚೆಸ್ಟರ್ ಎಂಬ ಸೇವಕನ ಪಾತ್ರ ಅವರದು. ಯಜಮಾನನ ಗುಟ್ಟೆಲ್ಲ ಗೊತ್ತಿದ್ದ ಸೇವಕ ಅವನು. ಮೊದಮೊದಲು ಅವರ ಜನಾಂಗವನ್ನೇ ಹಾಸ್ಯ ಮಾಡುವ ಮಾತುಗಳೂ ಇದ್ದವು. ಎರಡನೇ ಮಹಾಯುದ್ಧದ ನಂತರ ಅದು ತಪ್ಪು ಅಂತ ಬೆನ್ನಿ ಅಂಥ ಮಾತುಗಳನ್ನು ಬಿಟ್ಟರು.

1948ರ ಒಂದು ಕಾರ್ಯಕ್ರಮದಲ್ಲಿ ಕಳ್ಳನೊಬ್ಬ ಬೆನ್ನಿಯವರನ್ನು ಅಡ್ಡಗಟ್ಟಿ ದುಡ್ಡು ಬೇಕೋ ಪ್ರಾಣ ಬೇಕೋ ಅಂತ ಕೇಳುತ್ತಾನೆ. ಬೆನ್ನಿ ಸುಮ್ಮನೆ ನಿಲ್ಲುತ್ತಾರೆ. ಜನ ನಗತೊಡಗುತ್ತಾರೆ. ಕಳ್ಳ ಮತ್ತೆ ಕೇಳಿದಾಗ, ಯೋಚಿಸ್ತಾ ಇದ್ದೀನಿ ಅಂತ ರೇಗುತ್ತಾರೆ! ಮಾತಾಡದೇನೇ ನಗಿಸಿದರು ನೋಡಿ. ಎದುರಿನವರಿಗೆ ಜಾಗ ಬಿಡೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಗು ಯಾರಿಗೆ ಬಂದರೂ ಕಾರ್ಯಕ್ರಮಕ್ಕೇ ಒಳ್ಳೇದು ಅಂತ ಅವರು ನಂಬಿದ್ದರು.

ನಿಜ ಜೀವನದಲ್ಲಿ ಅವರು ಜಿಪುಣರಲ್ಲ, ಧಾರಾಳಿ. ಅದೇ ಪಿಟೀಲು ನುಡಿಸಿ ವಾದ್ಯಮೇಳಗಳಿಗೆ ಹಣ ಕೂಡಿಸಿಕೊಟ್ಟರು. ಓದಿನಲ್ಲಿ ಹಿಂದಿದ್ದ ಈ ಹುಡುಗನ ಹೆಸರನ್ನೇ ವಾಕೀಗನ್ ಊರಿನವರು ಒಂದು ಶಾಲೆಗೆ ಇಟ್ಟರು. 1974ರ ಡಿಸೆಂಬರ್ 26ರಂದು, 80ನೇ ವಯಸ್ಸಿನಲ್ಲಿ ಬೆನ್ನಿ ತೀರಿಕೊಂಡರು. ಹೆಂಡತಿಗೆ ದಿನಾಲೂ ಒಂದು ಕೆಂಪು ಗುಲಾಬಿ ತಲುಪುವಂತೆ ಉಯಿಲು ಬರೆದಿಟ್ಟಿದ್ದರು.

ಕೊನೆಗೆ ನನ್ನದೊಂದು ಮಾತು. ಹೋದ ವರ್ಷದ ನಾಟಕದಲ್ಲಿ ನಾನೇ ರಾಜ. ಸೇವಕನಾಗಿದ್ದ ಗೆಳೆಯನ ಮಾತಿಗೆ ಜನ ಜಾಸ್ತಿ ನಕ್ಕರು. ನನಗೆ ಹೊಟ್ಟೆಕಿಚ್ಚಾಗಿ, ಅವನ ಮಾತು ಮುಗಿಯೋ ಮೊದಲೇ ನನ್ನ ಮಾತು ಶುರು ಮಾಡಿದೆ. ಅವನ ಮುಂದಿನ ಮಾತುಗಳು ಯಾರಿಗೂ ಕೇಳಿಸಲಿಲ್ಲ, ನಾಟಕವೂ ಕೆಟ್ಟಿತು. ಒಂದು ತಿಂಗಳು ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ಈ ಸಲವೂ ನಾವಿಬ್ಬರೂ ನಾಟಕದಲ್ಲಿದ್ದೇವೆ. ಅವನು ಮಾತಾಡುವಾಗ ನಾನು ಸುಮ್ಮನೆ ನಿಲ್ಲುತ್ತೇನೆ. ಇದನ್ನು ಅವನು ಓದಲಿ ಅಂತಲೇ ಇಲ್ಲಿ ಬರೆದಿದ್ದೇನೆ.

— 7ನೇ ತರಗತಿ ವಿದ್ಯಾರ್ಥಿ