ಪಿಯೆರೊ ಮಾಂಜೋನಿ

ಪಿಯೆರೊ ಮಾಂಜೋನಿ (ಜುಲೈ 13, 1933 – ಫೆಬ್ರುವರಿ 6, 1963) ಇಟಲಿಯ ಕಲಾವಿದರು. ಕಲಾವಿದನ ಸಹಿ, ಪ್ರಮಾಣಪತ್ರ, ಬೆಲೆ ಮೊದಲಾದ ಮಾರಾಟದ ಸಾಧನಗಳನ್ನೇ ಕೃತಿಯ ವಸ್ತುವಾಗಿಸಿಕೊಂಡು ಕಲಾ ಮಾರುಕಟ್ಟೆಯನ್ನು ವಿಡಂಬಿಸಿದವರೆಂದು ಇವರು ಪ್ರಸಿದ್ಧರು.

ಜನನ ಮತ್ತು ಆರಂಭಿಕ ಜೀವನ

ಮಾಂಜೋನಿಯವರು ಲೊಂಬಾರ್ಡಿ ಪ್ರದೇಶದ ಸೋಂಚಿನೊ ಎಂಬ ಊರಿನ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಚಿತ್ರಕಲೆಯನ್ನು ಬಹುಮಟ್ಟಿಗೆ ತಾವಾಗಿಯೇ ಕಲಿತರು. 1957ರಲ್ಲಿ ಫ್ರಾನ್ಸಿನ ಇವ್ ಕ್ಲೈನ್ ಅವರು ಒಂದೇ ಬಗೆಯ ನೀಲಿ ಚಿತ್ರಗಳನ್ನು ಮಿಲಾನ್ ನಗರದಲ್ಲಿ ಪ್ರದರ್ಶಿಸಿದ್ದು ಇವರ ಮೇಲೆ ಗಾಢ ಪರಿಣಾಮ ಬೀರಿತು. ಅನಂತರ ಬಿಳಿ ಜೇಡಿಮಣ್ಣು, ಹತ್ತಿ ಮುಂತಾದವುಗಳಿಂದ ಬಣ್ಣವಿಲ್ಲದ ಕೃತಿಗಳನ್ನು ರಚಿಸತೊಡಗಿ, ಅವುಗಳಿಗೆ ‘ಆಕ್ರೋಮ್’ ಎಂದು ಹೆಸರಿಟ್ಟರು. 1959ರಲ್ಲಿ ಎನ್ರಿಕೊ ಕಾಸ್ಟೆಲ್ಲಾನಿಯವರೊಡನೆ ‘ಅಜಿಮುತ್’ ಎಂಬ ಗ್ಯಾಲರಿಯನ್ನು ಮಿಲಾನ್‌ನಲ್ಲಿ ಸ್ಥಾಪಿಸಿದರು.

ಪ್ರಮುಖ ಕೃತಿಗಳು

ಕಾಗದದ ಸುರುಳಿಯ ಮೇಲೆ ಒಂದೇ ಗೆರೆಯನ್ನೆಳೆದು, ಅದನ್ನು ಕೊಳವೆಯಲ್ಲಿ ಮುಚ್ಚಿ, ಉದ್ದವನ್ನು ಹೊರಗೆ ನಮೂದಿಸುವುದು ಇವರ ಒಂದು ಪದ್ಧತಿ. 1960ರಲ್ಲಿ ಡೆನ್ಮಾರ್ಕಿನ ಹೆರ್ನಿಂಗ್‌ನಲ್ಲಿ ಎಳೆದ ಗೆರೆಯ ಉದ್ದ 7,200 ಮೀಟರ್. ಅದೇ ವರ್ಷ ತಮ್ಮ ಹೆಬ್ಬೆರಳ ಗುರುತನ್ನೊತ್ತಿದ ಬೇಯಿಸಿದ ಮೊಟ್ಟೆಗಳನ್ನು ಪ್ರೇಕ್ಷಕರಿಗೆ ತಿನ್ನಲು ಕೊಟ್ಟರು. ತಮ್ಮ ಉಸಿರು ತುಂಬಿದ ಬಲೂನುಗಳನ್ನು ಕಲಾಕೃತಿಗಳಾಗಿಸಿದರು. ಆ ಬಲೂನುಗಳಲ್ಲಿ ಇಂದು ಉಳಿದಿರುವುದು ಹಲಗೆಗೆ ಅಂಟಿದ ಒಣ ರಬ್ಬರು ಮಾತ್ರ. 1961ರಲ್ಲಿ ಜೀವಂತ ವ್ಯಕ್ತಿಗಳ ಮೈಮೇಲೆ ಸಹಿ ಮಾಡಿ, ಅವರು ಕಲಾಕೃತಿಗಳೆಂದು ಪ್ರಮಾಣಪತ್ರ ನೀಡಿದರು.

1961ರ ಮೇ ತಿಂಗಳಲ್ಲಿ ಸಿದ್ಧಪಡಿಸಿದ ‘ಕಲಾವಿದನ ಮಲ’ ಇವರ ಅತ್ಯಂತ ವಿವಾದಿತ ಕೃತಿ. ಇದರಲ್ಲಿ ಕ್ರಮಸಂಖ್ಯೆಯುಳ್ಳ 90 ಡಬ್ಬಿಗಳಿವೆ. ಪ್ರತಿಯೊಂದರಲ್ಲೂ 30 ಗ್ರಾಂ ಮಲವಿದೆಯೆಂದು ನಾಲ್ಕು ಭಾಷೆಗಳ ಚೀಟಿಗಳು ಸಾರುತ್ತವೆ. ಅಷ್ಟೇ ತೂಕದ ಚಿನ್ನದ ಅಂದಿನ ದರವನ್ನೇ ಡಬ್ಬಿಯ ಬೆಲೆಯಾಗಿ ನಿಗದಿಪಡಿಸಲಾಗಿತ್ತು. ಒಳಗಿರುವುದು ನಿಜವೇ ಎಂದು ತಿಳಿಯಲು ಡಬ್ಬಿಯನ್ನು ತೆರೆಯಬೇಕು. ತೆರೆದರೆ ಕೃತಿಯೇ ಕೆಡುತ್ತದೆ. ಹೀಗಾಗಿ ಕೊಂಡವರು ಹಣ ತೆತ್ತದ್ದು ಕಲಾವಿದನ ಹೆಸರನ್ನು ನಂಬಿ. ಒಳಗಿರುವುದು ಬರಿಯ ಗಾರೆಯೆಂದು ಇವರ ಮಿತ್ರ ಕಲಾವಿದ ಅಗೊಸ್ಟಿನೊ ಬೊನಾಲುಮಿ 2007ರಲ್ಲಿ ಹೇಳಿದರು.

ನಿಧನ ಮತ್ತು ಪ್ರಭಾವ

ಮಾಂಜೋನಿಯವರು ತಮ್ಮ 29ನೆಯ ವಯಸ್ಸಿನಲ್ಲಿ ಮಿಲಾನ್‌ನ ತಮ್ಮ ಕಾರ್ಯಾಗಾರದಲ್ಲಿ ಹೃದಯಾಘಾತದಿಂದ ನಿಧನರಾದರು. ಅವರು ವಿಡಂಬಿಸಿದ ಮಾರುಕಟ್ಟೆಯೇ ಮುಂದೆ ಆ ಡಬ್ಬಿಗಳನ್ನು ಚಿನ್ನಕ್ಕಿಂತ ದುಬಾರಿಯಾಗಿಸಿತು. ಲಂಡನ್ನಿನ ಟೇಟ್ ಸಂಗ್ರಹಾಲಯವು 2000ದಲ್ಲಿ ಒಂದು ಡಬ್ಬಿಯನ್ನು 22,350 ಪೌಂಡುಗಳಿಗೆ ಖರೀದಿಸಿತು. 2016ರಲ್ಲಿ ಮಿಲಾನ್‌ನ ಹರಾಜಿನಲ್ಲಿ ಮತ್ತೊಂದು 2,75,000 ಯೂರೋಗಳಿಗೆ ಮಾರಾಟವಾಯಿತು. ಕಲೆಯ ವ್ಯಾಪಾರವನ್ನೇ ಕಲೆಯಾಗಿಸುವ ಇಂಥ ವಿಡಂಬನೆಯು 1990ರ ದಶಕದ ಆರಂಭಿಕ ಅಂತರಜಾಲ ಕಲೆಯಲ್ಲಿಯೂ ಕಾಣಿಸಿಕೊಂಡಿತು. ಕಂಪನಿಯ ವೇಷ ತೊಟ್ಟು ತನ್ನದೇ ಷೇರುಗಳನ್ನು ಕಲಾಕೃತಿಗಳಾಗಿ ಮಾರಿದ ‘ಎಟಾಯ್’ ಕಲಾವಿದರ ತಂಡ ಇದಕ್ಕೊಂದು ನಿದರ್ಶನ.