ಕರಗಿದ ಚಾಕಲೇಟನ್ನು ಪ್ರಶ್ನಿಸಿದ ಪರ್ಸಿ ಸ್ಪೆನ್ಸರ್

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಕಾಡು, ನದಿ ಮತ್ತು ಮರದ ಕಾರ್ಖಾನೆಗಳ ನಾಡು ಅದು. ಅಲ್ಲಿನ ಹೌಲ್ಯಾಂಡ್ ಎಂಬ ಸಣ್ಣ ಊರಿನಲ್ಲಿ 1894ರ ಜುಲೈ 19ರಂದು ಪರ್ಸಿ ಸ್ಪೆನ್ಸರ್ ಹುಟ್ಟಿದರು. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿಯೂ ಮಗನನ್ನು ಬಂಧುಗಳ ಕೈಗೊಪ್ಪಿಸಿ ದೂರವಾದರು. ಸಾಕಿದ ದಂಪತಿಗಳಲ್ಲಿ ಮನೆಯ ಯಜಮಾನರು ಪರ್ಸಿಗೆ ಏಳು ವರ್ಷವಾದಾಗ ನಿಧನರಾದರು. ಆಮೇಲೆ ಉಳಿದದ್ದು ಸಾಕುತಾಯಿಯ ಆಸರೆ ಮಾತ್ರ.

ಬಡತನ ಶಾಲೆಯನ್ನು ಬಿಡಿಸಿತು. ಸುಮಾರು ಹನ್ನೆರಡನೆಯ ವಯಸ್ಸಿಗೆ ಪರ್ಸಿ ನೂಲಿನ ಉರುಳೆ ತಯಾರಿಸುವ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯತೊಡಗಿದರು. ಹದಿನಾರನೆಯ ವಯಸ್ಸಿನಲ್ಲಿ ಸಮೀಪದ ಕಾಗದದ ಕಾರ್ಖಾನೆಗೆ ವಿದ್ಯುತ್ ಬರಲಿದೆ ಎಂಬ ಸುದ್ದಿ ಕೇಳಿದರು. ಆ ಭಾಗದಲ್ಲಿ ವಿದ್ಯುತ್ ಕೆಲಸ ಬಲ್ಲವರು ಬಹಳ ಕಡಿಮೆ. ಪರ್ಸಿ ಸಿಕ್ಕಿದ್ದನ್ನೆಲ್ಲ ಓದಿ, ಮಾಡಿ ನೋಡಿ ಕಲಿತು ಆ ಕೆಲಸಕ್ಕೆ ಸೇರಿಕೊಂಡರು. ಅವರ ಬಳಿ ಯಾವ ಪ್ರಮಾಣಪತ್ರವೂ ಇರಲಿಲ್ಲ.

1912ರಲ್ಲಿ ಟೈಟಾನಿಕ್ ಹಡಗು ಮುಳುಗಿತು. ಕೊನೆಯ ಗಳಿಗೆಯವರೆಗೆ ನಿಸ್ತಂತು ಸಂದೇಶ ಕಳಿಸುತ್ತಿದ್ದ ಅದರ ಸಿಬ್ಬಂದಿಯ ಕಥೆ ಹದಿನೆಂಟರ ಈ ಯುವಕನ ಮನಸ್ಸನ್ನು ಹಿಡಿಯಿತು. ನಿಸ್ತಂತು ವಿದ್ಯೆ ಕಲಿಯಲೆಂದೇ ಅವರು ನೌಕಾಪಡೆ ಸೇರಿದರು. ರಾತ್ರಿ ಪಹರೆಯ ಹೊತ್ತಿನಲ್ಲಿ ಪುಸ್ತಕ ಹಿಡಿದು ತ್ರಿಕೋನಮಿತಿ, ಕಲನಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಲೋಹಶಾಸ್ತ್ರಗಳನ್ನು ತಾವೇ ಕಲಿತರು. ನಾವು ಪಿಯುಸಿಯಲ್ಲಿ ಕಷ್ಟವೆಂದು ಗೊಣಗುವ ಇದೇ ವಿಷಯಗಳನ್ನು ಅವರು ಶಿಕ್ಷಕರಿಲ್ಲದೆ, ನಿದ್ದೆಗೆಟ್ಟು ಓದಿದರು.

1920ರ ದಶಕದಲ್ಲಿ ಸ್ಪೆನ್ಸರ್ ಮ್ಯಾಸಚೂಸೆಟ್ಸ್ ರಾಜ್ಯದ ರೇಥಿಯಾನ್ ಕಂಪನಿ ಸೇರಿದರು. ರೇಡಿಯೋ ಯಂತ್ರಗಳಿಗೆ ಬೇಕಾದ ನಿರ್ವಾತ ನಳಿಕೆಗಳನ್ನು ತಯಾರಿಸುವುದರಲ್ಲಿ ಅವರು ಹೆಸರು ಗಳಿಸಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ 1940ರಲ್ಲಿ ಪ್ರಬಲವಾದ ಸೂಕ್ಷ್ಮ ತರಂಗಗಳನ್ನು ಹೊಮ್ಮಿಸುವ ಮ್ಯಾಗ್ನೆಟ್ರಾನ್ ನಳಿಕೆಯನ್ನು ರೂಪಿಸಿದ್ದರು. ಶತ್ರುವಿನ ವಿಮಾನ ಮತ್ತು ಜಲಾಂತರ್ಗಾಮಿಗಳನ್ನು ಪತ್ತೆ ಮಾಡುವ ರೇಡಾರಿಗೆ ಅದೇ ಜೀವಾಳ. ಬ್ರಿಟನ್ ಆ ಗುಟ್ಟನ್ನು ಅಮೆರಿಕದೊಂದಿಗೆ ಹಂಚಿಕೊಂಡಿತು.

ತೊಂದರೆ ಇದ್ದದ್ದು ತಯಾರಿಕೆಯಲ್ಲಿ. ತಾಮ್ರದ ಗಟ್ಟಿ ತುಂಡನ್ನು ಒಂದೊಂದಾಗಿ ಕೊರೆದು ಮ್ಯಾಗ್ನೆಟ್ರಾನ್ ಮಾಡಬೇಕಿತ್ತು. ಇದಕ್ಕೆ ನುರಿತ ಕೆಲಸಗಾರರು ಬೇಕು, ಸಮಯವೂ ಬೇಕು. ಸ್ಪೆನ್ಸರ್ ಬೇರೆ ದಾರಿ ಹಿಡಿದರು. ತಾಮ್ರದ ತೆಳು ಹಾಳೆಗಳನ್ನು ಅಚ್ಚಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಕುಲುಮೆಯಲ್ಲಿ ಬೆಸೆಯುವ ವಿಧಾನವನ್ನು ರೂಪಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ದಿನಕ್ಕೆ 2600 ಮ್ಯಾಗ್ನೆಟ್ರಾನ್‌ಗಳು ತಯಾರಾಗುತ್ತಿದ್ದವು. ಅಮೆರಿಕದ ನೌಕಾಪಡೆ ಈ ಸೇವೆಗಾಗಿ ಅವರನ್ನು ಗೌರವಿಸಿತು. ಆ ವರ್ಷಗಳು ಎಂಥವೆಂದು ನಮ್ಮವರಿಗೆ ನೆನಪಿಸಬೇಕಾದರೆ ಈಸೂರನ್ನು ನೆನೆದರೆ ಸಾಕು. 1942ರಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಮರುವರ್ಷ ಮಾರ್ಚಿಯಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು. ಈಸೂರಿನವರು ಬ್ರಿಟಿಷರ ಆಳ್ವಿಕೆಗೆ ಸವಾಲೆಸೆಯುತ್ತಿದ್ದ ದಿನಗಳಲ್ಲೇ ಸ್ಪೆನ್ಸರ್ ಅವರ ಕಾರ್ಖಾನೆ ಬ್ರಿಟನ್ನಿನ ಆ ನಳಿಕೆಗಳನ್ನು ತಯಾರಿಸುತ್ತಿತ್ತು.

ಸ್ಪೆನ್ಸರ್ ಲೋಕಪ್ರಸಿದ್ಧರಾದದ್ದು 1945ರ ಒಂದು ಸಣ್ಣ ಘಟನೆಯಿಂದ. ಕೆಲಸ ಮಾಡುತ್ತಿದ್ದ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಚಾಕಲೇಟು ಕರಗಿಹೋಯಿತು. ಆ ನಳಿಕೆಗಳ ಬಳಿ ಬಿಸಿಯಾಗುವುದನ್ನು ಬೇರೆಯವರೂ ಗಮನಿಸಿದ್ದರು. ಅವರು ಅದನ್ನು ಅಲ್ಲಿಗೇ ಬಿಟ್ಟರು, ಸ್ಪೆನ್ಸರ್ ಬಿಡಲಿಲ್ಲ. ಮೆಕ್ಕೆಜೋಳದ ಕಾಳುಗಳನ್ನು ತರಿಸಿ ನಳಿಕೆಯ ಹತ್ತಿರ ಹಿಡಿದರು, ಅವು ಅರಳಿದವು. ಮರುದಿನ ಮೊಟ್ಟೆ ಇಟ್ಟರು. ಬಗ್ಗಿ ನೋಡುತ್ತಿದ್ದ ಸಹೋದ್ಯೋಗಿಯ ಮುಖದ ಮೇಲೆ ಅದು ಸಿಡಿಯಿತು. ಆಮೇಲೆ ಅಲೆಗಳು ಹೊರಗೆ ಹೋಗದಂತೆ ಲೋಹದ ಪೆಟ್ಟಿಗೆಯೊಳಗೆ ಆಹಾರವಿಟ್ಟು ಪ್ರಯೋಗ ಮುಂದುವರಿಸಿದರು. 1945ರ ಅಕ್ಟೋಬರ್ 8ರಂದು ಪೇಟೆಂಟಿಗೆ ಅರ್ಜಿ ಹಾಕಿದರು, 1950ರ ಜನವರಿ 24ರಂದು ಅದು ದೊರೆಯಿತು.

ಮೊದಲ ಓವನ್ ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ಆಳೆತ್ತರ, ಸುಮಾರು 340 ಕಿಲೋ ತೂಕ, ಬೆಲೆ ಸುಮಾರು 5000 ಡಾಲರ್. ಅಡುಗೆಮನೆಯಲ್ಲಿ ಇಡಬಹುದಾದ ಚಿಕ್ಕ ಓವನ್ ಬರಲು 1967 ಆಗಬೇಕಾಯಿತು. ಕಂಪನಿಯಿಂದ ಸ್ಪೆನ್ಸರ್ ಅವರಿಗೆ ಈ ಆವಿಷ್ಕಾರಕ್ಕೆ ದೊರೆತದ್ದು ರೂಢಿಯ ಪ್ರಕಾರ ಎರಡು ಡಾಲರ್ ಸಂಭಾವನೆ ಮಾತ್ರ. ಆದರೂ ಅವರು ಅದೇ ಕಂಪನಿಯಲ್ಲಿ ಹಿರಿಯ ಉಪಾಧ್ಯಕ್ಷರಾದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಈ ಶಾಲೆ ಬಿಟ್ಟ ಹುಡುಗನಿಗೆ ಗೌರವ ಡಾಕ್ಟರೇಟ್ ನೀಡಿತು. 1970ರ ಸೆಪ್ಟೆಂಬರಿನಲ್ಲಿ, 76ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಅವರ ಬದುಕು ಅಲ್ಲಿಗೆ ಮುಗಿಯಿತು. ಆದರೆ ಅವರು ಚಾಕಲೇಟಿನ ಮುಂದೆ ಕೇಳಿಕೊಂಡ ಪ್ರಶ್ನೆಯನ್ನು ನಾವು ನಮ್ಮ ಊಟದ ಮುಂದೆ ಇನ್ನೂ ಕೇಳಬೇಕಾಗಿದೆ. ಬಿಸಿಯಾಗುವಾಗ ಇಲ್ಲಿ ನಡೆಯುವುದಾದರೂ ಏನು?

ದ್ವಿತೀಯ ಪಿಯುಸಿಯ ವಿದ್ಯುತ್ಕಾಂತೀಯ ತರಂಗಗಳ ಪಾಠದಲ್ಲಿ ಇದಕ್ಕೆ ಉತ್ತರವಿದೆ. ಮನೆಯ ಓವನ್ನಿನ ಅಲೆಗಳ ಆವೃತ್ತಿ 2450 ಮೆಗಾಹರ್ಟ್ಸ್, ತರಂಗದೂರ ಸುಮಾರು 12 ಸೆಂಟಿಮೀಟರ್. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಅಲೆಯ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಈ ಅಣುಗಳೂ ಹೊರಳುತ್ತವೆ, ಪಕ್ಕದ ಅಣುಗಳಿಗೆ ತಾಗುತ್ತವೆ, ಆಹಾರ ಬಿಸಿಯಾಗುತ್ತದೆ. ಈ ಅಲೆಗಳಿಗೆ ಎಕ್ಸ್-ಕಿರಣಗಳಂತೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ಶಕ್ತಿಯಿಲ್ಲ. ಓವನ್ನಿನಲ್ಲಿಟ್ಟ ಅನ್ನ ವಿಕಿರಣಶೀಲವಾಗುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶಗಳು ಸುಳ್ಳು. ಸ್ವಿಚ್ ಆರಿಸಿದೊಡನೆ ಅಲೆಗಳೂ ನಿಲ್ಲುತ್ತವೆ.

ಚಿಂತಿಸಬೇಕಾದದ್ದು ಆಹಾರವಿಟ್ಟ ಪಾತ್ರೆಯ ಬಗ್ಗೆ. ಪ್ಲಾಸ್ಟಿಕ್ ಈ ಅಲೆಗಳನ್ನು ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಅದು ಬಿಸಿಯಾಗುವುದು ತನ್ನೊಳಗಿನ ಆಹಾರದಿಂದ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಆದರೆ ಎಣ್ಣೆ, ತುಪ್ಪ, ಸಕ್ಕರೆ ಇರುವ ಭಾಗ ಅದನ್ನೂ ಮೀರಿ ಬಿಸಿಯಾಗಬಲ್ಲದು. ಸಾಮಾನ್ಯ ಪಾಲಿಥೀನ್ ಹಾಳೆ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಟ್ಟಲಿನ ಬಾಯಿಗೆ ಬಿಗಿಯುವ ತೆಳು ಹಾಳೆ, ಅಂದರೆ ಕ್ಲಿಂಗ್ ಫಿಲ್ಮ್, ಪಿವಿಸಿಯಿಂದ ಮಾಡಿದ್ದಾದರೆ ಅದನ್ನು ಮೃದುವಾಗಿಸಲು ಬೇರೆ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಜಿಡ್ಡಿನಲ್ಲಿ ಅವು ಸುಲಭವಾಗಿ ಕರಗುತ್ತವೆ. ಬಿಸಿ ಹೆಚ್ಚಿದಷ್ಟೂ, ಜಿಡ್ಡು ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಆಹಾರಕ್ಕೆ ಇಳಿಯುವ ಪ್ರಮಾಣ ಹೆಚ್ಚು. ಮಗುವಿನ ಆಹಾರದ ಪ್ಲಾಸ್ಟಿಕ್ ಡಬ್ಬಿಗಳನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದಾಗ ಅಪಾರ ಸಂಖ್ಯೆಯ ಪ್ಲಾಸ್ಟಿಕ್ ಸೂಕ್ಷ್ಮಕಣಗಳು ಹೊರಬರುವುದನ್ನು ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ತೋರಿಸಿದರು.

ಹಾಗೆಂದು ಗಾಬರಿ ಬೇಡ, ಎಚ್ಚರ ಸಾಕು. ಓವನ್ನಿನಲ್ಲಿ ಗಾಜಿನ ಅಥವಾ ಪಿಂಗಾಣಿಯ ಬಟ್ಟಲು ಬಳಸಿ, ಮೇಲೆ ಪಿಂಗಾಣಿ ತಟ್ಟೆ ಮುಚ್ಚಿ. ಮೈಕ್ರೋವೇವಿಗೆ ಯೋಗ್ಯವೆಂದು ಗುರುತಿರುವ ತೆಳು ಹಾಳೆಯನ್ನೇ ಬಳಸುವುದಾದರೂ ಅದು ಆಹಾರಕ್ಕೆ ತಾಗದಿರಲಿ, ಆವಿ ಹೋಗಲು ಒಂದು ಮೂಲೆ ತೆರೆದಿರಲಿ. ಬಿಗಿದ ಹಾಳೆಯನ್ನು ತೆಗೆಯುವಾಗ ನುಗ್ಗುವ ಆವಿ ಕೈ ಸುಡುತ್ತದೆ. ಐಸ್‌ಕ್ರೀಮಿನ ಖಾಲಿ ಡಬ್ಬಿ, ಗೀರು ಬಿದ್ದ ಹಳೆಯ ಡಬ್ಬಿ, ಹೋಟೆಲಿನ ತೆಳು ಪಾರ್ಸೆಲ್ ಡಬ್ಬಿ ಓವನ್ನಿಗೆ ಬೇಡ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಹಾಳೆಯೂ ಬೇಡ, ಕಿಡಿ ಹಾರುತ್ತದೆ. ಡಬ್ಬಿಯ ಅಡಿಯ ತ್ರಿಕೋನದಲ್ಲಿರುವ ಸಂಖ್ಯೆ ಪ್ಲಾಸ್ಟಿಕ್ ಯಾವ ಬಗೆಯದೆಂದು ಮಾತ್ರ ಹೇಳುತ್ತದೆ, ಬಿಸಿಗೆ ಯೋಗ್ಯವೆಂದು ಹೇಳುವುದಿಲ್ಲ. ಅಲೆಗಳು ಎಲ್ಲ ಕಡೆ ಸಮನಾಗಿ ಬಿಸಿ ಮಾಡುವುದಿಲ್ಲವಾದ್ದರಿಂದ ನಡುವೆ ಒಮ್ಮೆ ಕಲಸಿ. ಹಳೆಯ ಅಡುಗೆ ಒಳಗಿನವರೆಗೂ 74 ಡಿಗ್ರಿ ಮುಟ್ಟಿದರೆ ರೋಗಾಣುಗಳು ಸಾಯುತ್ತವೆ. ಎಲ್ಲ ಕಡೆಯೂ ಹಬೆಯಾಡುವಷ್ಟು ಬಿಸಿಯಾಗಲಿ.

ನಮ್ಮ ಮನೆಯಲ್ಲಿ ಓವನ್ನೇ ಇಲ್ಲವಲ್ಲ ಎಂದು ಹಲವರು ಅಂದುಕೊಳ್ಳಬಹುದು. ಆದರೆ ನಿಯಮ ಒಲೆಯನ್ನು ನೋಡುವುದಿಲ್ಲ, ಬಿಸಿ ಮತ್ತು ಜಿಡ್ಡನ್ನು ನೋಡುತ್ತದೆ. ಕುದಿಯುವ ಸಾಂಬಾರನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಿದಾಗ, ಬಿಸಿ ಬಿರಿಯಾನಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದಾಗ ನಡೆಯುವುದೂ ಅದೇ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳನ್ನು ತಪಾಸಣೆ ಮಾಡಿದಾಗ ಐವತ್ತಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದುದು ಕಂಡುಬಂತು. ಸರ್ಕಾರ ಅದನ್ನು ನಿಷೇಧಿಸಿತು. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಕ್ಲಿಂಗ್ ಫಿಲ್ಮನ್ನೂ ಕರ್ನಾಟಕ 2016ರ ಮಾರ್ಚಿಯಲ್ಲೇ ನಿಷೇಧಿಸಿತ್ತು. ಕಾನೂನು ಇದೆ, ಪಾಲಿಸಬೇಕಾದವರು ನಾವು.

ನಮ್ಮ ಕಡೆ ಬಾಳೆ ಎಲೆಗೆ ಬರವಿಲ್ಲ, ಅಡಿಕೆ ಹಾಳೆಯ ತಟ್ಟೆಗೂ ಬರವಿಲ್ಲ. ಈಸೂರಿನಿಂದ ಶಿಕಾರಿಪುರಕ್ಕೆ ಬಸ್ಸಿನಲ್ಲಿ ಓದಲು ಬರುವವರ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿಗೆ ಜಾಗವಿದ್ದೇ ಇರುತ್ತದೆ. ಹೋಟೆಲಿಗೆ ಪಾರ್ಸೆಲ್ ತರಲು ಹೋಗುವಾಗ ಅದೇ ಡಬ್ಬಿ ಜೊತೆಗಿರಲಿ. ರಂಜಾನಿನಲ್ಲಿ ಸೆಹ್ರಿಗೆ ರಾತ್ರಿಯ ಸಾರು ಬಿಸಿ ಮಾಡುವಾಗ ಕವರಿನಿಂದ ಪಾತ್ರೆಗೆ ಸುರಿದುಕೊಳ್ಳಲು ಅರ್ಧ ನಿಮಿಷ ಸಾಕು.

ಪರ್ಸಿ ಸ್ಪೆನ್ಸರ್ ಅವರಿಗೆ ಕಾಲೇಜಿನ ಬಾಗಿಲು ತೆರೆಯಲಿಲ್ಲ, ಗುರುಗಳು ಸಿಗಲಿಲ್ಲ, ಪ್ರಯೋಗಾಲಯ ಸಿಕ್ಕಿದ್ದು ಬಹಳ ತಡವಾಗಿ. ನಮಗೆ ಇವೆಲ್ಲವೂ ಇವೆ. ಜೇಬಿನಲ್ಲಿ ಕರಗಿದ ಚಾಕಲೇಟನ್ನು ಒರೆಸಿ ಬಿಡದೆ ಅವರು ಕಾರಣ ಹುಡುಕಿದರು. ನಾಳೆ ಬಿಸಿ ಸಾಂಬಾರಿನ ಕವರ್ ಕೈಗೆ ಬಂದಾಗ ಅದು ಮೆತ್ತಗಾಗಿದೆಯೇ ಎಂದು ನಾವೂ ಒಮ್ಮೆ ಮುಟ್ಟಿ ನೋಡೋಣ. ಮುಂದಿನ ಸಲ ಡಬ್ಬಿ ಒಯ್ಯಲು ಅಷ್ಟು ಸಾಕು.